ಐದು ಕೀ, ಒಂದು ತಂತಿ: ಎಮಿಲ್ ಬೋದೊ ಅವರ ಬದುಕು

ನಮ್ಮ ಕಾಲೇಜಿನಿಂದ ಹೊರಹೋಗುವ ವಿಜ್ಞಾನ ವಿಭಾಗದವರಲ್ಲಿ ಕೆಲವರು ಇಂಜಿನಿಯರಿಂಗ್ ಸೇರುತ್ತಾರೆ, ಕೆಲವರು ಬಿಸಿಎ, ಕೆಲವರು ಡಿಪ್ಲೊಮಾ. ಇವರಲ್ಲಿ ಯಾರಾದರೂ ಮುಂದೊಂದು ದಿನ ಬೆಂಗಳೂರಿನ ಒಂದು ಡೇಟಾ ಸೆಂಟರಿನಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿರಬಹುದು. ರಾತ್ರಿ ಎರಡು ಗಂಟೆಗೆ ಒಂದು ಸರ್ವರ್ ಇದ್ದಕ್ಕಿದ್ದಂತೆ ನೆಟ್‌ವರ್ಕ್‌ನಿಂದ ಕಾಣೆಯಾಯಿತು ಎಂದುಕೊಳ್ಳಿ. ಪಿಂಗ್ ಮಾಡಿದರೆ ಉತ್ತರವಿಲ್ಲ, ದೂರದಿಂದ ಲಾಗಿನ್ ಆಗಲು ದಾರಿಯಿಲ್ಲ. ಯಂತ್ರ ಸತ್ತಿದೆಯೋ, ಮಲಗಿದೆಯೋ, ಏನೋ ಹೇಳಲು ಒದ್ದಾಡುತ್ತಿದೆಯೋ ಗೊತ್ತಾಗುವುದಿಲ್ಲ.

ಆಗ ಉಳಿಯುವುದು ಒಂದೇ ಹಳೆಯ ಬಾಗಿಲು: ಸೀರಿಯಲ್ ಕನ್ಸೋಲ್. ಸರ್ವರ್‌ನ ಹಿಂಬದಿಯ ಸಣ್ಣ ಪೋರ್ಟಿನಿಂದ ಒಂದು ಕೇಬಲ್ ಟರ್ಮಿನಲ್ ಸರ್ವರ್ ಎಂಬ ಪೆಟ್ಟಿಗೆಗೆ ಹೋಗಿರುತ್ತದೆ. ಆ ಪೆಟ್ಟಿಗೆಯ ಮೂಲಕ ಒಳಗೆ ಹೋದರೆ ಯಂತ್ರ ಆಡುತ್ತಿರುವ ಮಾತು ಸಾಲುಸಾಲಾಗಿ ಪರದೆಯ ಮೇಲೆ ಬರುತ್ತದೆ. ಆದರೆ ಮೊದಲು ಒಂದು ಸಂಖ್ಯೆ ಸರಿಯಾಗಿರಬೇಕು. ಅದೇ ಬಾಡ್ ರೇಟ್. 9600 ಇರಬೇಕಾದ ಕಡೆ 115200 ಹಾಕಿದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು.

ಬಾಡ್ ಎಂಬುದು ಯಾವುದೋ ಇಂಗ್ಲಿಷ್ ಪದದ ಸಂಕ್ಷೇಪ ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಅದು ಒಬ್ಬ ಮನುಷ್ಯನ ಹೆಸರು. ನ್ಯೂಟನ್, ವೋಲ್ಟ್, ಆಂಪಿಯರ್ ಇದ್ದ ಹಾಗೆ. ಆದರೆ ಆ ಹೆಸರಿನವರೆಲ್ಲ ಓದಿನಲ್ಲಿ ಬೆಳೆದವರು. ಈತ ಹಳ್ಳಿಯ ಪ್ರಾಥಮಿಕ ಶಾಲೆಯನ್ನು ಮಾತ್ರ ಕಂಡ ರೈತನ ಮಗ.

ಹೊಲದಿಂದ ತಂತಿ ಕಚೇರಿಗೆ

ಜ್ಯಾನ್ ಮೊರಿಸ್ ಎಮಿಲ್ ಬೋದೊ 1845ರ ಸೆಪ್ಟೆಂಬರ್ 11ರಂದು ಫ್ರಾನ್ಸಿನ ಈಶಾನ್ಯ ಭಾಗದ ಮಾನ್ಯೊ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಗೆ ಬೇಸಾಯ. ಊರಿನ ಶಾಲೆಯಲ್ಲಿ ಓದು, ಬರಹ, ಲೆಕ್ಕ ಕಲಿತದ್ದೇ ಅವರ ಶಿಕ್ಷಣ. ಆಮೇಲೆ ಹೈಸ್ಕೂಲೂ ಇಲ್ಲ, ಕಾಲೇಜೂ ಇಲ್ಲ. ಹುಡುಗ ತಂದೆಯ ಜೊತೆ ಹೊಲಕ್ಕೆ ಇಳಿದ. ನಮ್ಮ ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದ ಬರುವ ಎಷ್ಟೋ ಗೆಳೆಯರು ರಜೆಯಲ್ಲಿ ಅಡಿಕೆ ತೋಟದಲ್ಲೋ ಮೆಕ್ಕೆಜೋಳದ ಹೊಲದಲ್ಲೋ ದುಡಿಯುತ್ತಾರಲ್ಲ, ಬೋದೊಗೆ ವರ್ಷಪೂರ್ತಿ ಅದೇ ಬದುಕಾಗಿತ್ತು.

1869ರಲ್ಲಿ, 24ರ ಹೊಸ್ತಿಲಲ್ಲಿದ್ದಾಗ, ಅವರು ಫ್ರಾನ್ಸಿನ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಕಲಿಕೆಯ ನೌಕರರಾಗಿ ಸೇರಿದರು. ಇಲಾಖೆ ಅವರಿಗೆ ಪ್ಯಾರಿಸ್‌ನಲ್ಲಿ ಮೋರ್ಸ್ ತಂತಿ ಕಲಿಸಿತು. ಬಳಿಕ ಹ್ಯೂಸ್ ಯಂತ್ರದ ತರಬೇತಿಗೆ ಕಳಿಸಿತು. ಮೋರ್ಸ್‌ನಲ್ಲಿ ಚುಕ್ಕೆ ಮತ್ತು ಗೆರೆಗಳನ್ನು ಕೇಳಿ ಮನುಷ್ಯನೇ ಅಕ್ಷರ ಬರೆದುಕೊಳ್ಳಬೇಕು. ಹ್ಯೂಸ್ ಯಂತ್ರದಲ್ಲಿ ಪಿಯಾನೊದಂಥ ಕೀಗಳಿದ್ದವು, ಆ ಕಡೆ ಅಕ್ಷರ ತಾನೇ ಕಾಗದದ ಪಟ್ಟಿಯ ಮೇಲೆ ಅಚ್ಚಾಗುತ್ತಿತ್ತು. ಮರುವರ್ಷ, 1870ರಲ್ಲಿ, ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಶುರುವಾಯಿತು. ಬೋದೊ ಅದರಲ್ಲೂ ಸೇವೆ ಸಲ್ಲಿಸಿ, 1872ರಲ್ಲಿ ಪ್ಯಾರಿಸ್‌ನ ಕೆಲಸಕ್ಕೆ ಮರಳಿದರು.

ಕಚೇರಿಯಲ್ಲಿ ಕೂತು ದಿನವೂ ಅದೇ ಕೆಲಸ ಮಾಡುತ್ತ ಅವರು ಒಂದು ಸಂಗತಿ ಗಮನಿಸಿದರು. ಊರಿಂದ ಊರಿಗೆ ಎಳೆದ ತಂತಿ ತುಂಬ ದುಬಾರಿ. ನೂರಾರು ಮೈಲಿ ಕಂಬ ನೆಡಬೇಕು, ಲೋಹ ಹಾಯಿಸಬೇಕು, ಕಾವಲು ಕಾಯಬೇಕು. ಆದರೆ ಆ ತಂತಿ ಹೆಚ್ಚಿನ ಹೊತ್ತು ಖಾಲಿ ಇರುತ್ತದೆ. ಕೈ ಎಷ್ಟೇ ಚುರುಕಾಗಿದ್ದರೂ ಒಂದು ಅಕ್ಷರಕ್ಕೂ ಇನ್ನೊಂದು ಅಕ್ಷರಕ್ಕೂ ನಡುವೆ ವಿದ್ಯುತ್ತಿಗೆ ಬೇಕಾದಷ್ಟು ಬಿಡುವು. ಆ ಬಿಡುವನ್ನು ಇನ್ನೊಬ್ಬನಿಗೆ ಕೊಡಬಾರದೇಕೆ?

ಬಿಡುವಿನ ವೇಳೆಯ ಆವಿಷ್ಕಾರ

ಇಲಾಖೆ ಅವರ ಯೋಚನೆಯನ್ನು ಬೇಡ ಎನ್ನಲಿಲ್ಲ. ಆದರೆ ಹಣ ಕೊಡಲಿಲ್ಲ, ಕೆಲಸದ ಹೊತ್ತನ್ನೂ ಬಿಟ್ಟುಕೊಡಲಿಲ್ಲ. ಮಾಡುವುದಾದರೆ ನಿಮ್ಮ ಸ್ವಂತ ಸಮಯದಲ್ಲಿ ಮಾಡಿಕೊಳ್ಳಿ ಎಂಬ ಧೋರಣೆ. ಬೋದೊ ಪಾಳಿ ಮುಗಿಸಿ ಬಂದ ಮೇಲೆ ವಿದ್ಯುತ್ತು, ಗಣಿತ, ಯಂತ್ರಶಾಸ್ತ್ರ ಎಲ್ಲವನ್ನೂ ತಾವೇ ಓದಿಕೊಂಡರು. ಶಾಲೆ ಬಿಟ್ಟು ಹತ್ತಾರು ವರ್ಷ ಕಳೆದ ಮೇಲೆ ಮತ್ತೆ ಪುಸ್ತಕ ಹಿಡಿಯುವುದು ಎಷ್ಟು ಕಷ್ಟ ಎಂದು ನಮ್ಮ ಮನೆಗಳಲ್ಲಿ ಕೇಳಿದರೆ ಅಪ್ಪ, ಅಮ್ಮ, ಅಣ್ಣಂದಿರು ಹೇಳುತ್ತಾರೆ.

ಅವರು ಗಾಳಿಯಿಂದ ಹೊಸದನ್ನು ಸೃಷ್ಟಿಸಲಿಲ್ಲ. ಐದು ಸಂಕೇತಗಳ ಗುಂಪಿನಿಂದ ಅಕ್ಷರ ಮಾಡುವ ಉಪಾಯ ಜರ್ಮನಿಯ ಗೌಸ್ ಮತ್ತು ವೇಬರ್ ಅವರಿಂದ ಬಂದಿತ್ತು. ಅಚ್ಚು ಹಾಕುವ ಯಂತ್ರ ಹ್ಯೂಸ್ ಅವರದು. ಸರದಿ ಹಂಚುವ ತಿರುಗುವ ಚಕ್ರವನ್ನು ಮೇಯರ್ 1871ರಲ್ಲಿ ಮಾಡಿದ್ದರು. ಮೂರು ಕಡೆ ಬಿದ್ದಿದ್ದ ಈ ತುಂಡುಗಳನ್ನು ಒಂದೇ ಯಂತ್ರವಾಗಿ ಜೋಡಿಸಿ, ನಿಜವಾದ ತಂತಿಯ ಮೇಲೆ ನಡೆಯುವಂತೆ ಮಾಡಿದ್ದು ಬೋದೊ. 1874ರ ಜೂನ್ 17ರಂದು ಅವರು ತಮ್ಮ ಮೊದಲ ಪೇಟೆಂಟ್ ಪಡೆದರು. ಆಗ ವಯಸ್ಸು 28.

ಅವರ ಯಂತ್ರದಲ್ಲಿ ಇದ್ದದ್ದು ಐದೇ ಕೀ. ಎಡಗೈಗೆ ಎರಡು, ಬಲಗೈಗೆ ಮೂರು. ಪ್ರತಿ ಕೀಗೂ ಎರಡೇ ಸ್ಥಿತಿ: ಒತ್ತಿದ್ದು ಅಥವಾ ಬಿಟ್ಟಿದ್ದು. ನಾವು ಈಗ ಬರೆಯುವ 1 ಮತ್ತು 0 ಇದೇ. ಎರಡನ್ನು ಐದು ಬಾರಿ ಗುಣಿಸಿದರೆ 32. ಅಂದರೆ 32 ಬೇರೆ ಬೇರೆ ಸಂಕೇತ. ಫ್ರೆಂಚ್ ಅಕ್ಷರಗಳಿಗೆ ಅಷ್ಟು ಸಾಕು. ಅಂಕಿಗಳಿಗೆ ಜಾಗ ಸಾಲದೆ, ಇನ್ನು ಮುಂದೆ ಬರುವುದು ಅಂಕಿ ಎಂದು ತಿಳಿಸುವ ಒಂದು ಸಂಕೇತ, ಮತ್ತೆ ಅಕ್ಷರಕ್ಕೆ ಮರಳುವ ಇನ್ನೊಂದು ಸಂಕೇತ ಇಟ್ಟರು. ನಮ್ಮ ಕೀಬೋರ್ಡಿನ ಶಿಫ್ಟ್ ಕೀಯ ಕೆಲಸಕ್ಕೆ ಇದು ಹತ್ತಿರ. ಕನ್ನಡದ 49 ಅಕ್ಷರಗಳಿಗೆ ಆ 32 ಮನೆಗಳು ಸಾಲುತ್ತಿರಲಿಲ್ಲ, ಕಾಗುಣಿತದ ಮಾತಂತೂ ದೂರ.

ತಾಳ ತಪ್ಪದ ಕೈಗಳು

ಈಗ ಸರದಿಯ ವಿಷಯ. ಒಂದು ತಂತಿ, ಅದರ ಈ ತುದಿಯಲ್ಲಿ ನಾಲ್ವರು ನೌಕರರು. ನಡುವೆ ತಾಮ್ರದ ತುಂಡುಗಳನ್ನು ಜೋಡಿಸಿದ ಒಂದು ವೃತ್ತ. ಅದರ ಮೇಲೆ ಒಂದು ಬ್ರಷ್ ಗಿರಕಿ ಹೊಡೆಯುತ್ತದೆ. ಮೊದಲ ಕಾಲು ಸುತ್ತಿನಲ್ಲಿ ಮೊದಲನೆಯವನ ಐದು ಕೀಗಳನ್ನು ಮುಟ್ಟುತ್ತದೆ, ಮುಂದಿನ ಕಾಲು ಸುತ್ತಿನಲ್ಲಿ ಎರಡನೆಯವನ ಐದು ಕೀ, ಹೀಗೆ. ಆ ತುದಿಯಲ್ಲೂ ಇಂಥದೇ ಬ್ರಷ್ ಇದರ ಜೊತೆಗೇ ತಿರುಗುತ್ತ ಪ್ರತಿಯೊಬ್ಬನ ಅಕ್ಷರವನ್ನು ಅವನವನ ಅಚ್ಚುಯಂತ್ರಕ್ಕೆ ಹಂಚುತ್ತದೆ. ಎರಡು ಬ್ರಷ್‌ಗಳಲ್ಲಿ ಒಂದು ಕೂದಲಷ್ಟು ಹಿಂದೆ ಬಿದ್ದರೂ ಒಬ್ಬನ ಅಕ್ಷರ ಇನ್ನೊಬ್ಬನ ಪಾಲಾಗುತ್ತದೆ. ಹಾಗಾಗಿ ಎರಡನ್ನೂ ಒಂದೇ ಹೆಜ್ಜೆಯಲ್ಲಿ ಇಡಲು ತಿದ್ದುವ ವ್ಯವಸ್ಥೆಯೂ ಇತ್ತು.

ಬ್ರಷ್ ನಿಮಿಷಕ್ಕೆ ಸುಮಾರು 180 ಸುತ್ತು. ಪ್ರತಿ ಸುತ್ತಿಗೆ ಒಬ್ಬೊಬ್ಬರದು ಒಂದೊಂದು ಅಕ್ಷರ. ಪದಕ್ಕೆ ಆರು ಅಕ್ಷರ ಎಂದಿಟ್ಟುಕೊಂಡರೆ ಒಬ್ಬನಿಗೆ ನಿಮಿಷಕ್ಕೆ 30 ಪದ, ನಾಲ್ವರಿಗೆ 120. ಒಂದೇ ತಂತಿಯಲ್ಲಿ.

ಇದರ ಬೆಲೆಯನ್ನು ಕೊಟ್ಟವರು ಕೆಲಸದವರು. ತಮಗೆ ಬೇಕಾದಾಗ ಕೀ ಒತ್ತುವಂತಿರಲಿಲ್ಲ. ಬ್ರಷ್ ಬಂದು ಓದಿಕೊಂಡು ಹೋಗುವವರೆಗೆ ಒತ್ತಿದ ಕೀ ಬಿಗಿಯಾಗಿಯೇ ಇರುತ್ತಿತ್ತು, ಆಮೇಲೆ ಟಿಕ್ ಎಂದು ಸದ್ದು ಮಾಡಿ ಬಿಟ್ಟುಕೊಳ್ಳುತ್ತಿತ್ತು. ಆ ಸದ್ದಿನ ತಾಳಕ್ಕೆ ಐದು ಬೆರಳುಗಳೂ ಹೊಂದಬೇಕು, ಗಂಟೆಗಟ್ಟಲೆ. ಇದನ್ನು ಕಲಿಯಲು ಬಹಳ ಅಭ್ಯಾಸ ಬೇಕಿತ್ತು. ತಾಳ ಹಿಡಿದವನಿಗೆ ಕೆಲಸ ಸಲೀಸು, ತಪ್ಪಿದವನ ಸಂದೇಶ ಕೆಟ್ಟುಹೋಗುತ್ತಿತ್ತು.

ಪದಕ, ವ್ಯಾಜ್ಯ, ಅನಾರೋಗ್ಯ

1875ರಲ್ಲಿ ಇಲಾಖೆ ಯಂತ್ರವನ್ನು ಒಪ್ಪಿಕೊಂಡಿತು. 1877ರ ನವೆಂಬರ್‌ನಲ್ಲಿ ಪ್ಯಾರಿಸ್ ಮತ್ತು ಬೋರ್ಡೊ ನಡುವೆ ನಿಜವಾದ ಲೈನಿನ ಮೇಲೆ ಪರೀಕ್ಷೆ ನಡೆಯಿತು. ಆ ವರ್ಷದ ಕೊನೆಗೆ ಸುಮಾರು 1700 ಕಿಲೋಮೀಟರ್ ಉದ್ದದ ಪ್ಯಾರಿಸ್–ರೋಮ್ ಮಾರ್ಗದಲ್ಲೂ ಅದು ಕೆಲಸ ಮಾಡಿತು. 1878ರ ಪ್ಯಾರಿಸ್ ವಿಶ್ವ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಇಲಾಖೆಯಲ್ಲಿ ಬಡ್ತಿಗಳು ಬಂದವು. ಪದವಿ ಇಲ್ಲದ ನೌಕರ 1882ರ ಹೊತ್ತಿಗೆ ಇನ್‌ಸ್ಪೆಕ್ಟರ್ ಇಂಜಿನಿಯರ್ ಆದರು.

ಆದರೆ ಹೆಸರು ಬಂದ ಕೂಡಲೇ ಜಗಳವೂ ಬಂತು. ಅದೇ ತಂತಿ ಸೇವೆಯ ಮಿಮೊ ಎಂಬುವರು, ಐದು ಸಂಕೇತಗಳ ಈ ಪದ್ಧತಿ ಮೊದಲು ತಮಗೆ ಹೊಳೆದದ್ದು ಎಂದು ಹಕ್ಕು ಮಂಡಿಸಿದರು. ವಿಷಯ ನ್ಯಾಯಾಲಯಕ್ಕೆ ಹೋಯಿತು. ರಾತ್ರಿಗಳನ್ನು ಸುಟ್ಟು ಮಾಡಿದ ಕೆಲಸ ನಿನ್ನದಲ್ಲ ಎನ್ನಿಸಿಕೊಳ್ಳುವುದು ಯಾರಿಗೂ ಸಣ್ಣ ನೋವಲ್ಲ. ಇತ್ತ, ತನ್ನ ಯೋಚನೆಗೆ ಬೆಲೆ ಸಿಗಲಿಲ್ಲ ಎಂದು ನಂಬಿದವರ ಸಂಕಟವೂ ಇತ್ತು. ಹಲವರ ಯೋಚನೆಗಳು ಸೇರಿ ಒಂದು ಯಂತ್ರವಾದಾಗ ಯಾರ ಪಾಲು ಎಷ್ಟು ಎಂಬ ಪ್ರಶ್ನೆ ಇಂದಿನ ಪ್ರಾಜೆಕ್ಟ್ ಕೆಲಸದಲ್ಲೂ ಇದೆ. ಯಾರಿಂದ ಏನು ಪಡೆದೆವು ಎಂದು ಮೊದಲ ದಿನದಿಂದಲೇ ಬರೆದಿಡುವುದು ಒಳ್ಳೆಯ ಅಭ್ಯಾಸ.

ಇನ್ನೊಂದು ಕಷ್ಟ ಮೈಯಲ್ಲೇ ಇತ್ತು. ಕೆಲಸಕ್ಕೆ ಸೇರಿದ ಸ್ವಲ್ಪ ಕಾಲಕ್ಕೇ ಅವರ ಆರೋಗ್ಯ ಕೆಟ್ಟಿತು. ಆಗಾಗ ರಜೆ, ಒಮ್ಮೆಯಂತೂ ಇಡೀ ತಿಂಗಳು. ಆ ಬಾಧೆ ಕೊನೆಯವರೆಗೂ ಬಿಡಲಿಲ್ಲ. ಚಿನ್ನದ ಪದಕ, ಬಡ್ತಿ, ಯಂತ್ರದ ಸುಧಾರಣೆ ಎಲ್ಲವೂ ಆ ಕಾಯಿಲೆಯ ನಡುವೆಯೇ ನಡೆದವು. 1890ರಲ್ಲಿ ಮದುವೆಯಾದರು. 1897ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆಯೂ ಲಂಡನ್–ಪ್ಯಾರಿಸ್ ಮಾರ್ಗಕ್ಕೆ ಅವರ ಯಂತ್ರವನ್ನು ತೆಗೆದುಕೊಂಡಿತು. 1903ರ ಮಾರ್ಚ್ 28ರಂದು ಪ್ಯಾರಿಸ್ ಪಕ್ಕದ ಸೋ ಎಂಬಲ್ಲಿ ಬೋದೊ ತೀರಿಕೊಂಡರು. ವಯಸ್ಸು 57. ಆ ಹೊತ್ತಿಗೆ ನಮ್ಮ ಹಿರಿಯೂರಿನ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರದ ಕಟ್ಟೆ ಇನ್ನೂ ಏಳುತ್ತಿತ್ತು. ಅದು ಪೂರ್ಣವಾದದ್ದು 1907ರಲ್ಲಿ.

ಹೆಸರು ಉಳಿದ ಬಗೆ

ಅವರ ನಂತರವೂ ಯಂತ್ರ ಮುಂದೆ ಸಾಗಿತು. ಭಾರತದ ದೊಡ್ಡ ತಂತಿ ಕಚೇರಿಗಳಿಗೂ 20ನೇ ಶತಮಾನದ ಆರಂಭದಲ್ಲಿ ಬೋದೊ ಯಂತ್ರಗಳು ಬಂದವು. ನ್ಯೂಜಿಲೆಂಡಿನ ಡೊನಾಲ್ಡ್ ಮರ್ರೆ 1901ರ ಸುಮಾರಿಗೆ ಐದು ಕೀಗಳ ಬದಲು ಟೈಪ್‌ರೈಟರ್ ಕೀಬೋರ್ಡನ್ನು ಜೋಡಿಸಿದರು. ಅಕ್ಷರಗಳ ಸಂಕೇತಗಳನ್ನೂ ಮರುಜೋಡಿಸಿದರು. ತಾಳದ ಸೆರೆಯಿಂದ ಬೆರಳುಗಳಿಗೆ ಬಿಡುಗಡೆ ಸಿಕ್ಕಿತು. ಅಲ್ಲಿಂದ ಟೆಲಿಪ್ರಿಂಟರ್ ಬೆಳೆಯಿತು. ನಮ್ಮ ದೇಶದಲ್ಲೇ 1960ರಲ್ಲಿ ಮದ್ರಾಸಿನಲ್ಲಿ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಎಂಬ ಸರ್ಕಾರಿ ಕಾರ್ಖಾನೆ ಶುರುವಾಯಿತು. ಪತ್ರಿಕಾ ಕಚೇರಿಗಳಲ್ಲಿ ಕಟಕಟ ಸದ್ದು ಮಾಡುತ್ತ ಸುದ್ದಿ ಉದುರಿಸುತ್ತಿದ್ದ ಯಂತ್ರಗಳು ಇವೇ. ಟೆಲಿಗ್ರಾಂ ಸೇವೆ ನಿಂತದ್ದು 2013ರ ಜುಲೈನಲ್ಲಿ.

ಬೋದೊ ತೀರಿಕೊಂಡ ಸುಮಾರು ಕಾಲು ಶತಮಾನದ ಬಳಿಕ, ತಂತಿಯ ಮೇಲೆ ಸೆಕೆಂಡಿಗೆ ಎಷ್ಟು ಸಂಕೇತಗಳು ಹೋಗುತ್ತವೆ ಎಂಬ ಅಳತೆಗೆ ಬಾಡ್ ಎಂದು ಹೆಸರಿಟ್ಟರು. 1949ರಲ್ಲಿ ಫ್ರಾನ್ಸ್ ಅವರ ಚಿತ್ರವಿರುವ ಅಂಚೆಚೀಟಿ ತಂದಿತು. ಮೊದಲ ಮುದ್ರಣದಲ್ಲಿ ಹುಟ್ಟಿದ ವರ್ಷವನ್ನೇ ತಪ್ಪಾಗಿ ಅಚ್ಚು ಹಾಕಿ, ಮತ್ತೆ ತಿದ್ದಿ ಮುದ್ರಿಸಬೇಕಾಯಿತು. ಅಕ್ಷರ ತಪ್ಪದಂತೆ ಕಳಿಸುವುದನ್ನೇ ಬದುಕಾಗಿಸಿಕೊಂಡ ಮನುಷ್ಯನಿಗೆ ಹೀಗಾಯಿತು!

ಮೊದಲ ಕಂಪ್ಯೂಟರ್‌ಗಳಿಗೆ ಪರದೆ ಇರಲಿಲ್ಲ. ಟೆಲಿಪ್ರಿಂಟರನ್ನೇ ತಂದು ಜೋಡಿಸಿದರು. ಯೂನಿಕ್ಸ್ ಹುಟ್ಟಿದ್ದು ಅಂಥ ಟೆಲಿಟೈಪ್‌ಗಳ ಮುಂದೆ. ಅದಕ್ಕೇ ಇಂದಿನ ಲಿನಕ್ಸ್‌ನಲ್ಲೂ ಟರ್ಮಿನಲ್‌ಗೆ ಟಿಟಿವೈ ಎಂಬ ಹೆಸರು ಉಳಿದಿದೆ, ಟೆಲಿಟೈಪ್‌ನ ಸಂಕ್ಷೇಪ. ಮೊದಲ ಸೀರಿಯಲ್ ಪೋರ್ಟಿಗೆ ಅಲ್ಲಿ ಟಿಟಿವೈಎಸ್ ಸೊನ್ನೆ ಎಂಬ ಹೆಸರು.

ಮತ್ತೆ ಆ ರಾತ್ರಿ ಪಾಳಿಗೆ

ಈಗ ಆರಂಭದ ಸರ್ವರ್‌ಗೆ ಮರಳೋಣ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೆಲಸ ಮಾಡಬೇಕಾದರೆ ಸರ್ವರ್‌ನ ಆಪರೇಟಿಂಗ್ ಸಿಸ್ಟಂ ಪೂರ್ತಿ ಎದ್ದು, ನೆಟ್‌ವರ್ಕ್ ಕಾರ್ಡ್ ಸರಿಯಾಗಿ ನಡೆಯುತ್ತಿರಬೇಕು. ಅದು ಏಳುವ ಮೊದಲೇ ಎಡವಿದರೆ? ಡಿಸ್ಕ್ ಕೆಟ್ಟು ನಡುದಾರಿಯಲ್ಲಿ ನಿಂತರೆ? ಆ ಹಂತದ ಸಂದೇಶಗಳು ಕನ್ಸೋಲಿನಲ್ಲಿ ಮಾತ್ರ ಕಾಣುತ್ತವೆ. ಆದರೆ ಅದಕ್ಕೆ ಮೊದಲೇ ಸಿದ್ಧತೆ ಬೇಕು. ಸರ್ವರ್‌ನ ಬಯಾಸ್‌ನಲ್ಲಿ ಮತ್ತು ಲಿನಕ್ಸ್‌ನ ಬೂಟ್ ಸಾಲಿನಲ್ಲಿ, ಸಂದೇಶಗಳನ್ನು ಸೀರಿಯಲ್ ಪೋರ್ಟಿಗೂ ಕಳಿಸು ಎಂದು ಹೇಳಿರಬೇಕು, ವೇಗವನ್ನೂ ನಮೂದಿಸಿರಬೇಕು.

ಒಂದು ರ‍್ಯಾಕ್‌ನಲ್ಲಿ ಹತ್ತಾರು ಸರ್ವರ್ ಇರುತ್ತವೆ. ಪ್ರತಿಯೊಂದಕ್ಕೂ ಲ್ಯಾಪ್‌ಟಾಪ್ ಹಿಡಿದು ಓಡಲಾಗದು. ಹಾಗಾಗಿ ಎಲ್ಲ ಸೀರಿಯಲ್ ಕೇಬಲ್‌ಗಳನ್ನೂ 16, 32 ಅಥವಾ 48 ಪೋರ್ಟುಗಳ ಟರ್ಮಿನಲ್ ಸರ್ವರ್‌ಗೆ ತರುತ್ತಾರೆ. ನಾವು ಆ ಪೆಟ್ಟಿಗೆಗೆ ಮಾತ್ರ ನೆಟ್‌ವರ್ಕ್‌ನಿಂದ ಲಾಗಿನ್ ಆಗಿ, ಬೇಕಾದ ಪೋರ್ಟ್ ಆರಿಸಿಕೊಂಡರೆ ಆ ಸರ್ವರ್‌ನ ಎದುರೇ ಕೂತಂತೆ. ಹಲವರ ಮಾತು ಒಂದೇ ತಂತಿಯಲ್ಲಿ ಬಂದು, ಆ ತುದಿಯಲ್ಲಿ ಅವರವರ ಬಾಗಿಲಿಗೆ ಹಂಚಿಹೋಗುತ್ತದೆ. ಬೋದೊ ಅವರ ತಾಮ್ರದ ವೃತ್ತ ಮಾಡುತ್ತಿದ್ದ ಕೆಲಸಕ್ಕೂ ಇದಕ್ಕೂ ನಂಟಿದೆ. ಕನ್ಸೋಲ್ ಹಿಡಿದವನ ಕೈಯಲ್ಲಿ ಇಡೀ ಯಂತ್ರ ಇರುವುದರಿಂದ ಈ ಪೆಟ್ಟಿಗೆಗೆ ಗಟ್ಟಿ ಪಾಸ್‌ವರ್ಡ್ ಕಡ್ಡಾಯ.

ಒಂದು ವ್ಯತ್ಯಾಸ ತಿಳಿದಿರಲಿ. ಬೋದೊ ಯಂತ್ರದಲ್ಲಿ ಎರಡು ತುದಿಗಳೂ ಸದಾ ಒಟ್ಟಿಗೆ ತಿರುಗುತ್ತಿದ್ದವು. ನಮ್ಮ ಸೀರಿಯಲ್ ಪೋರ್ಟಿನಲ್ಲಿ ಹಾಗಿಲ್ಲ. ಪ್ರತಿ ಬೈಟ್‌ಗೂ ಮೊದಲು ಒಂದು ಸ್ಟಾರ್ಟ್ ಬಿಟ್, ನಂತರ 8 ಬಿಟ್ ಮಾಹಿತಿ, ಕೊನೆಗೆ ಒಂದು ಸ್ಟಾಪ್ ಬಿಟ್. ಒಟ್ಟು 10. ಸ್ಟಾರ್ಟ್ ಬಿಟ್ ಕಂಡ ಕೂಡಲೇ ಆ ತುದಿ ತನ್ನ ಗಡಿಯಾರ ಹಿಡಿದು ಉಳಿದ ಬಿಟ್‌ಗಳನ್ನು ಎಣಿಸುತ್ತದೆ. ಎರಡೂ ಕಡೆ ವೇಗ ಒಂದೇ ಇರದಿದ್ದರೆ ಎಣಿಕೆ ತಪ್ಪುತ್ತದೆ. ಪರದೆಯ ಮೇಲೆ ಕಸ ಕಾಣುವುದು ಅದಕ್ಕೇ.

ಲೆಕ್ಕ ಮಾಡಿ ನೋಡೋಣ. ದುರ್ಗ ಎಂಬ ಪದದಲ್ಲಿ ಯೂನಿಕೋಡ್ ಪ್ರಕಾರ ಐದು ಸಂಕೇತ: ದ, ಉಕಾರದ ಕೊಂಬು, ರ, ವಿರಾಮ ಚಿಹ್ನೆ, ಗ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಒಟ್ಟು 15 ಬೈಟ್. ತಲಾ 10ರಂತೆ 150 ಬಿಟ್. 9600 ಬಾಡ್‌ನಲ್ಲಿ ಒಂದು ಸೆಕೆಂಡಿಗೆ 64 ಬಾರಿ ದುರ್ಗ ಎಂದು ಕಳಿಸಬಹುದು. ಉರ್ದುವಿನಲ್ಲಿ ಸಲಾಂ ಬರೆಯಲು ನಾಲ್ಕು ಅಕ್ಷರ, ತಲಾ 2 ಬೈಟ್, ಒಟ್ಟು 8 ಬೈಟ್. ಅದು ಸೆಕೆಂಡಿಗೆ 120 ಬಾರಿ. ಬೋದೊ ಅವರ ನಾಲ್ವರು ನೌಕರರು ಸೆಕೆಂಡಿಗೆ ಕಳಿಸುತ್ತಿದ್ದದ್ದು ಎಲ್ಲ ಸೇರಿ ಸುಮಾರು 60 ಸಂಕೇತ: 3 ಸುತ್ತು, ನಾಲ್ವರು, ಐದೈದು ಕೀ. 9600 ಅದರ 160 ಪಟ್ಟು.

ನಮ್ಮಲ್ಲಿ ಹಲವರು ಉರ್ದು ಮಾಧ್ಯಮದಿಂದಲೋ ಕನ್ನಡ ಮಾಧ್ಯಮದಿಂದಲೋ ಬಂದು, ಪಿಯುಸಿಯ ಇಂಗ್ಲಿಷ್ ಪುಸ್ತಕ ನೋಡಿ ಮೊದಲ ತಿಂಗಳೇ ಇದು ನಮಗಲ್ಲ ಎಂದು ಬೆದರಿದವರಿದ್ದಾರೆ. ಮನೆಯ ಕಷ್ಟಕ್ಕೆ ಓದು ಬಿಟ್ಟು ಗ್ಯಾರೇಜಿಗೋ ಅಂಗಡಿಗೋ ಸೇರಿದ ಗೆಳೆಯರೂ ನಮಗೆ ಗೊತ್ತು. ಅಂಥವರಿಗೆ ಬೋದೊ ಅವರ ಕಥೆ ಹೇಳಿ. ಕಷ್ಟಪಟ್ಟರೆ ಎಲ್ಲರೂ ಹೀಗೇ ಆಗುತ್ತಾರೆ ಎಂದು ಹೇಳಲಾಗದು. ಅವರ ಯಂತ್ರವನ್ನು ಇಲಾಖೆ ತಿರಸ್ಕರಿಸಿದ್ದರೆ ಹೆಸರು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ದಿನನಿತ್ಯದ ಕೆಲಸವನ್ನೇ ಗಮನವಿಟ್ಟು ನೋಡಿದ್ದು, ಗೊತ್ತಿಲ್ಲದ್ದನ್ನು 24ರ ನಂತರವೂ ಕಲಿತದ್ದು ಅವರ ಕೈಯಲ್ಲಿತ್ತು. ಅದು ನಮ್ಮ ಕೈಯಲ್ಲೂ ಇದೆ.

ಮುಂದಿನ ಸಲ ಲ್ಯಾಬಿಗೆ ಹೋದಾಗ ಹಳೆಯ ಕಂಪ್ಯೂಟರ್ ಒಂದರ ಹಿಂಬದಿ ಬಗ್ಗಿ ನೋಡಿ. 9 ಪಿನ್‌ಗಳ ಸಣ್ಣ ಪೋರ್ಟ್ ಕಂಡರೆ ಅದೇ ಸೀರಿಯಲ್ ಪೋರ್ಟ್. ಮೇಷ್ಟ್ರನ್ನು ಕೇಳಿ ಎರಡು ಕಂಪ್ಯೂಟರ್‌ಗಳ ನಡುವೆ ನಲ್ ಮೋಡೆಮ್ ಕೇಬಲ್ ಹಾಕಿ, ಎರಡೂ ಕಡೆ 9600 ಇಟ್ಟು ನಿಮ್ಮ ಹೆಸರು ಟೈಪ್ ಮಾಡಿ. ಆಮೇಲೆ ಒಂದು ಕಡೆ ಮಾತ್ರ ವೇಗ ಬದಲಿಸಿ, ಏನಾಗುತ್ತದೆ ನೋಡಿ.